ಕುಡಿತ ಬಿಡಿಸಲು ಮನೋವೈದ್ಯರು ಯಾಕೆ?

ಕೇಳುಗರಿಗೆ ನಮಸ್ಕಾರ.

"ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಲಾಗುವುದು" ಅಂತ ಗೋಡೆ ಮೇಲೆ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಅದನ್ನು ನಂಬಬೇಡಿ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು. ಹಾಗಾಗಿಯೇ ಮನೋವೈದ್ಯರು ಎಲ್ಲವನ್ನೂ ತಿಳಿಸಿ ಹೇಳಿ, ರೋಗಿ ಒಪ್ಪಿದ ಮೇಲಷ್ಟೇ ಅದನ್ನು ಕೊಡುತ್ತಾರೆ. ಅಂಥ ಮಾತ್ರೆಯನ್ನು ಸಾರಿನಲ್ಲಿ ಕದ್ದು ಬೆರೆಸಿದರೆ, ಆ ಮನುಷ್ಯ ಏನೂ ತಿಳಿಯದೆ ಸಂಜೆ ಬಾರಿಗೆ ಹೋಗುತ್ತಾನೆ ಅಲ್ವಾ?

ಇನ್ನು ಕೆಲವು ಮನೆಗಳಲ್ಲಿ ರೂಮಿಗೆ ಕೂಡಿ ಹಾಕುತ್ತಾರೆ. ಇದು ಇನ್ನೂ ಅಪಾಯ. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್. ಎರಡನೇ, ಮೂರನೇ ದಿನ ಕೆಲವರು ಹಾಸಿಗೆ ಮೇಲೆ ಇಲ್ಲದ ಹುಳ ಹೆಕ್ಕುತ್ತಾರೆ, ತೀರಿಹೋದ ಅಪ್ಪನ ಜೊತೆ ಮಾತಾಡುತ್ತಾರೆ, ಹೆಂಡತಿಯ ಗುರುತೂ ಹಿಡಿಯುವುದಿಲ್ಲ. ಗಾಳಿ ಸೋಕಿದೆ ಅಂತ ಮನೆಯವರು ತಾಯಿತ ಕಟ್ಟಿಸಲು ಓಡುತ್ತಾರೆ, ಆದರೆ ಇದು ಡೆಲಿರಿಯಮ್ ಟ್ರೆಮೆನ್ಸ್, ಆಸ್ಪತ್ರೆಗೆ ಸೇರಿಸದಿದ್ದರೆ ಪ್ರಾಣ ಹೋಗಬಹುದಾದ ಸ್ಥಿತಿ.

ಸರಿಯಾದ ಹೊತ್ತಿಗೆ ಬಂದರೆ ಇದನ್ನು ತಡೆಯಬಹುದು. ಡಯಾಜೆಪಾಮ್‌ನಂಥ ಔಷಧಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್. ಇದು ತೀರಾ ಕಡಿಮೆಯಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹಾಳಾಗಬಹುದು.

ಆಮೇಲೆ ನಿಜವಾದ ಕೆಲಸ ಶುರು. ಯಾಕೆ ಕುಡಿಯುತ್ತಿದ್ದರು? ನಿದ್ದೆ ಬರದೆ? ಖಿನ್ನತೆಗೆ? ಭಯಕ್ಕೆ? ಅದಕ್ಕೂ ಚಿಕಿತ್ಸೆ ಕೊಡದೆ ಸುಮ್ನೆ ಬಾಟಲಿ ಕಿತ್ತುಕೊಂಡರೆ ಪ್ರಯೋಜನವಿಲ್ಲ. ಚಪಲ ತಗ್ಗಿಸಲು ನಾಲ್ಟ್ರೆಕ್ಸೋನ್‌ನಂಥ ಔಷಧಿಗಳಿವೆ, ಆಪ್ತ ಸಮಾಲೋಚನೆ ಇದೆ. ನಡುವೆ ಒಮ್ಮೆ ಮತ್ತೆ ಕುಡಿದುಬಿಟ್ಟರೆ ನಾಚಿಕೊಂಡು ಮನೆಯಲ್ಲೇ ಕೂರಬೇಡಿ, ಬನ್ನಿ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ತೊಂದರೆಯನ್ನು ಕಾಯಿಲೆ ಅಂತಲೇ ಲೆಕ್ಕ ಹಾಕುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಬಂದಾಗ ಕೊನೆಯ ಸಲ ಕುಡಿದಿದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತಾ ಅನ್ನುವುದನ್ನು ಮುಚ್ಚಿಡದೆ ಹೇಳಿ. ಎಷ್ಟು ಔಷಧಿ ಕೊಡಬೇಕು ಅನ್ನುವುದು ಅದರ ಮೇಲೇ ತೀರ್ಮಾನವಾಗುತ್ತದೆ.