ಗುಡ್ಡಗಾಡಿನ ದಾರಿಯಲ್ಲಿ ಸೈಕಲ್ಲಿನ ಒಂದು ದಿನ

ಕೇಳುಗರಿಗೆ ನಮಸ್ಕಾರ.

ಸಾಮಾನು ಕಟ್ಟಿಕೊಂಡು ಸೈಕಲ್ ಮೇಲೆ ದೂರ ಹೋಗುವವರು ದಿನದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕುವುದು ವಾಡಿಕೆ. ಸಮತಟ್ಟು ರಸ್ತೆಗೆ ಅದು ಸಾಕು. ಗುಡ್ಡಗಾಡಿನ ಹಳ್ಳಿ ರಸ್ತೆಗೆ ಸಾಲದು. ಅಲ್ಲಿ ಮೊದಲು ನೋಡಬೇಕಾದ್ದು ಒಟ್ಟು ಎಷ್ಟು ಮೀಟರ್ ಹತ್ತಬೇಕು ಎಂಬುದನ್ನು.

ಲೆಕ್ಕ ಕಷ್ಟದ್ದಲ್ಲ. ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ 90 ಕಿಲೋ ಎಂದಿಟ್ಟುಕೊಳ್ಳಿ. ಅಷ್ಟು ಭಾರವನ್ನು 1000 ಮೀಟರ್ ಮೇಲಕ್ಕೆ ಒಯ್ಯಲು ಸುಮಾರು 880 ಕಿಲೋಜೂಲ್ ಶಕ್ತಿ ಬೇಕು. ಸಾಧಾರಣ ಅಭ್ಯಾಸವಿರುವ ಸವಾರ ದಿನವಿಡೀ ಬಳಲದೆ ತುಳಿಯಬೇಕಾದರೆ 120 ವಾಟ್ ಆಸುಪಾಸಿನಲ್ಲಿರಬೇಕು. ಭಾಗಿಸಿದರೆ 2 ಗಂಟೆಯ ಮೇಲೆ ತುಸು ಬರುತ್ತದೆ. ಹಾಗಾಗಿ ಸಮತಟ್ಟು ರಸ್ತೆಯ ವೇಗದಲ್ಲಿ ಬರುವ ಸಮಯಕ್ಕೆ ಏರಿನ ಪ್ರತಿ 500 ಮೀಟರಿಗೂ 1 ಗಂಟೆ ಕೂಡಿಸಿ. 70 ಕಿಲೋಮೀಟರ್ ದಾರಿ, 1200 ಮೀಟರ್ ಏರು, ಗಂಟೆಗೆ 16 ಕಿಲೋಮೀಟರ್ ವೇಗ ಎಂದರೆ ಹೆಚ್ಚುಕಡಿಮೆ 7 ಗಂಟೆ ಸೀಟಿನ ಮೇಲೆ. ಈ ಲೆಕ್ಕ ಸ್ವಲ್ಪ ಉದಾರವಾಗಿಯೇ ಇದೆ. ಇರಲಿ, ಕತ್ತಲಾಗುವ ಮುಂಚೆ ತಲುಪುವುದಕ್ಕೆ ಆ ಉದಾರತೆ ಬೇಕು.

ನಕ್ಷೆ ನೋಡುವಾಗ ಒಂದು ಕಡೆ ಮೋಸ ಹೋಗುವುದುಂಟು. ಹೊರಡುವ ಊರು 600 ಮೀಟರ್, ತಲುಪುವ ಊರು 800 ಮೀಟರ್ ಎತ್ತರದಲ್ಲಿದ್ದರೆ 200 ಮೀಟರ್ ಹತ್ತಿದರೆ ಆಯಿತು ಅನ್ನಿಸುತ್ತದೆ. ನಡುವೆ ಹತ್ತು ಹಳ್ಳಗಳಿದ್ದು, ಪ್ರತಿಯೊಂದಕ್ಕೂ 60 ಮೀಟರ್ ಇಳಿದು 60 ಮೀಟರ್ ಹತ್ತಬೇಕಾದರೆ ಅಲ್ಲೇ 600 ಮೀಟರ್ ಸೇರಿಕೊಂಡಿತು. ದೊಡ್ಡ ಘಾಟಿಗಿಂತ ಇಂಥ ಏರಿಳಿತದ ರಸ್ತೆಯೇ ಹೆಚ್ಚು ದಣಿಸುತ್ತದೆ. ಘಾಟಿಯಲ್ಲಿ ಕಾಲಿಗೆ ಒಂದೇ ಲಯ ಸಿಗುತ್ತದೆ, ಇಲ್ಲಿ ಸಿಗುವುದಿಲ್ಲ.

ಗೇರಿನ ವಿಷಯಕ್ಕೆ ಬರೋಣ. ಮುಂದೆ 30 ಹಲ್ಲು, ಹಿಂದೆ 34 ಹಲ್ಲಿನ ಚಕ್ರವಿದ್ದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 1.85 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದು 100ಕ್ಕೆ 8ರ ಏರು ಹತ್ತಲು 140 ವಾಟ್ ಬೇಕು. ಅಂದರೆ ನಮ್ಮ 120ರ ಮಿತಿ ದಾಟಿತು. ಮುಂದೆ 26, ಹಿಂದೆ 36 ಇದ್ದರೆ ಅದೇ ಏರು 120ರ ಒಳಗೇ ಮುಗಿಯುತ್ತದೆ. ವೇಗ ಗಂಟೆಗೆ ಐದೂವರೆ ಕಿಲೋಮೀಟರ್ ಮಾತ್ರ, ಆದರೆ ಮೊಣಕಾಲು ಉಳಿಯುತ್ತದೆ. ಅಂಗಡಿಯಿಂದ ಬರುವ ಬಹಳಷ್ಟು ಸೈಕಲ್ಲುಗಳಲ್ಲಿ ಇಷ್ಟು ಹಗುರವಾದ ಗೇರು ಇರುವುದಿಲ್ಲ. ಹಿಂದಿನ ಹಲ್ಲುಚಕ್ರ ಬದಲಾಯಿಸುವುದು ಸುಲಭದ ದಾರಿ. ಬದಲಾಯಿಸುವ ಮುನ್ನ ನಿಮ್ಮ ಹಿಂದಿನ ಡಿರೈಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ, ಗರಿಷ್ಠ ಎಷ್ಟು ಹಲ್ಲಿನ ಚಕ್ರವನ್ನು ತಾಳುತ್ತದೆ ಎಂದು ನೋಡಿ. ಚೈನಿನ ಉದ್ದವನ್ನೂ ಅಳೆಯಿರಿ. ಚೈನು ಗಿಡ್ಡವಾಗಿದ್ದರೆ ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಬಿದ್ದ ಕ್ಷಣ ಡಿರೈಲರನ್ನೇ ಕಿತ್ತುಹಾಕುತ್ತದೆ.

ಗೇರು ಇಳಿಸುವುದು ಏರು ಶುರುವಾಗುವ ಮುಂಚೆ. ಬಲವಾಗಿ ತುಳಿಯುತ್ತಲೇ ಗೇರು ಬದಲಿಸಿದರೆ ಪೂರ್ತಿ ಎಳೆತ ಚೈನಿನ ಒಂದು ಕೊಂಡಿಯ ಮೇಲೆ ಓರೆಯಾಗಿ ಬೀಳುತ್ತದೆ, ಕೊಂಡಿಯ ಪಿನ್ನು ಕಳಚಿಕೊಳ್ಳುತ್ತದೆ. ಚೀಲದಲ್ಲಿ ಜೋಡಿಸುವ ಕೊಂಡಿ ಎರಡಿರಲಿ. 9 ಗೇರಿನ ಚೈನಿಗೆ 9ರದ್ದು, 10ರದಕ್ಕೆ 10ರದ್ದೇ ಆಗಬೇಕು.

ಇನ್ನೊಂದು ಅಪಾಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಲ್ಲಿಸಿದ ಸೈಕಲ್ ಬಲಕ್ಕೆ, ಅಂದರೆ ಚೈನಿನ ಕಡೆಗೆ ಬಿತ್ತು ಅನ್ನಿ. ಡಿರೈಲರ್ ನೇತಾಡುವ ಸಣ್ಣ ಲೋಹದ ಕಿವಿ ಒಳಕ್ಕೆ ಬಾಗುತ್ತದೆ. ಸಮತಟ್ಟಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮುಂದಿನ ಕಡಿದಾದ ಏರಿನಲ್ಲಿ ಅತಿ ಹಗುರ ಗೇರಿಗೆ ಹಾಕಿದಾಗ ಡಿರೈಲರ್ ಹಿಂದಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಂಡು ಕಡ್ಡಿಗಳೂ ಹೋಗುತ್ತವೆ, ಅದೂ ಹೋಗುತ್ತದೆ. ಆದ್ದರಿಂದ ಸೈಕಲ್ ಬಿದ್ದಾಗಲೆಲ್ಲ ಹಿಂದೆ ಕೂತು ನೋಡಿ. ಡಿರೈಲರಿನ ಎರಡು ಪುಟ್ಟ ಗಾಲಿಗಳು ಹಲ್ಲುಚಕ್ರಕ್ಕೆ ಸಮಾನಾಂತರವಾಗಿ, ನೇರ ಕೆಳಕ್ಕೆ ನಿಂತಿರಬೇಕು. ಹಿಂದಿನ ಚಕ್ರವನ್ನು ಎತ್ತಿ, ಅತಿ ಹಗುರ ಗೇರಿಗೆ ತಂದು, ಕೈಯಲ್ಲಿ ಪೆಡಲ್ ನಿಧಾನವಾಗಿ ತಿರುಗಿಸಿ. ಆಮೇಲೆ ಪೆಡಲ್ ನಿಲ್ಲಿಸಿ, ಹೆಬ್ಬೆರಳಿನಿಂದ ಡಿರೈಲರನ್ನು ಒಳಕ್ಕೆ ಒತ್ತಿ. ಕಡ್ಡಿ ಮುಟ್ಟುವಂತಿದ್ದರೆ ಆ ಗೇರನ್ನು ಬಳಸಲೇಬೇಡಿ. ಈ ಕಿವಿ ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದು, ದಾರಿಯಲ್ಲಿ ಹುಡುಕಿದರೆ ಸಿಗುವ ವಸ್ತುವಲ್ಲ. ತೂಕ ಕೆಲವು ಗ್ರಾಂ ಅಷ್ಟೇ, ಒಂದು ಜೊತೆಗಿರಲಿ.

ಕಡ್ಡಿ ಮುರಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರದ ಬಲಬದಿಯಲ್ಲಿ. ಹಲ್ಲುಚಕ್ರಕ್ಕೆ ಜಾಗ ಬಿಡಬೇಕಾದ್ದರಿಂದ ಆ ಬದಿಯ ಕಡ್ಡಿಗಳು ಹೆಚ್ಚು ಬಿಗಿಯಾಗಿರುತ್ತವೆ, ಸಾಮಾನಿನ ಭಾರವೂ ಹಿಂದೆಯೇ ಇರುತ್ತದೆ. ಬಲಗಡೆಯ ಕಡ್ಡಿ ಮುರಿದರೆ ರಿಮ್ಮು ಅಲ್ಲಿ ಎಡಕ್ಕೆ ಸರಿಯುತ್ತದೆ. ಮುರಿದದ್ದರ ಅಕ್ಕಪಕ್ಕದ ಎಡಬದಿಯ ಎರಡು ಕಡ್ಡಿಗಳನ್ನು ಅರ್ಧರ್ಧ ಸುತ್ತು ಸಡಿಲಿಸಿ, ಚಕ್ರ ತಿರುಗಿಸಿ ನೋಡಿ, ಬೇಕಾದರೆ ಇನ್ನೂ ಸ್ವಲ್ಪ ಸಡಿಲಿಸಿ. ಅಲುಗಾಟ ಪೂರ್ತಿ ಹೋಗದಿದ್ದರೂ ಬ್ರೇಕಿಗೆ ಉಜ್ಜದಂತಾದರೆ ಸಾಕು, ಮುಂದಿನ ಊರು ಸೇರಬಹುದು. ಹಿಂದಿನ ಸಾಮಾನಿನಲ್ಲಿ ಒಂದಿಷ್ಟನ್ನು ಮುಂದಕ್ಕೆ ಸಾಗಿಸಿ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಸೆಕೆಯಿದ್ದರೆ 1 ಲೀಟರಿನವರೆಗೆ. ದಿನವೆಲ್ಲ ಬೆವರಿ ಬರೀ ನೀರನ್ನೇ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ, ಉಪ್ಪು ಬೆರೆತ ಪಾನೀಯವೂ ಬೇಕು. ಸಕ್ಕರೆ ಅಥವಾ ಪಿಷ್ಟದ ಆಹಾರ ಗಂಟೆಗೆ 30ರಿಂದ 60 ಗ್ರಾಂ, ಅದೂ ಮೊದಲ ಗಂಟೆಯಿಂದಲೇ. ಹಸಿವಾದ ಮೇಲೆ ತಿಂದರೆ ಆಯಿತು ಎನ್ನುವವರು ಮಧ್ಯಾಹ್ನದ ಏರಿನಲ್ಲಿ ಕೈಕಾಲು ನಡುಗಿ ಕೂತುಬಿಡುತ್ತಾರೆ.

ನಿಜವಾದ ಎಚ್ಚರ ಬೇಕಾಗುವುದು ಇಳಿಜಾರಿನಲ್ಲಿ. 90 ಕಿಲೋ ಭಾರ 500 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ 440 ಕಿಲೋಜೂಲ್. ಸುಮಾರು 1.3 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಇದರಲ್ಲಿ ಒಂದು ಪಾಲನ್ನು ಗಾಳಿ ತಡೆಯುತ್ತದೆ, ಉಳಿದದ್ದೆಲ್ಲ ಬ್ರೇಕಿಗೆ. ಭಯದಿಂದ ಬ್ರೇಕನ್ನು ಸದಾ ಅರ್ಧ ಹಿಡಿದು ನಿಧಾನವಾಗಿ ಇಳಿದರೆ ಗಾಳಿಯ ಪಾಲು ಕಡಿಮೆಯಾಗಿ ಬ್ರೇಕಿನ ಪಾಲು ಹೆಚ್ಚುತ್ತದೆ. ರಿಮ್ಮು ಕಾದು, ಒಳಗಿನ ಗಾಳಿ ಹಿಗ್ಗಿ, ಟ್ಯೂಬು ಸಿಡಿಯುವುದು ಹೀಗೆ. ನೇರ ರಸ್ತೆಯಲ್ಲಿ ಮೈ ನೆಟ್ಟಗೆ ಮಾಡಿ ಎದೆಗೆ ಗಾಳಿ ಹೊಡೆಯಲು ಬಿಡಿ. ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನೊಳಗೆ ಬಿಡಿ. ಹಳ್ಳಿ ರಸ್ತೆಯ ತಿರುವಿನಲ್ಲಿ ಜಲ್ಲಿ, ಮರಳು ಬಿದ್ದಿರುತ್ತವೆ. ವಾಲಿಕೊಂಡು ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಬಹಳ ಕಡಿದಾದ, ತಿರುವುಗಳೇ ತುಂಬಿದ ಇಳಿಜಾರಿನಲ್ಲಿ ನಡುನಡುವೆ ನಿಂತು ಆರಲು ಬಿಡುವುದೇ ಸರಿ. ಡಿಸ್ಕ್ ಬ್ರೇಕಾದರೆ ಡಿಸ್ಕನ್ನು ಮುಟ್ಟಬೇಡಿ, ಚರ್ಮ ಸುಟ್ಟೀತು. ನೀರೂ ಸುರಿಯಬೇಡಿ, ಬಿಸಿ ಲೋಹ ಡೊಂಕಾದೀತು. ಮಳೆಯಲ್ಲಿ ರಿಮ್ ಬ್ರೇಕ್ ಮೊದಲು ನೀರನ್ನು ಒರೆಸಿ, ಆಮೇಲಷ್ಟೇ ಹಿಡಿಯುತ್ತದೆ. ಆ ದೂರವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಎತ್ತರ 1000 ಮೀಟರ್ ಏರಿದರೆ ಗಾಳಿ ಸಾಮಾನ್ಯವಾಗಿ 6ರಿಂದ 7 ಡಿಗ್ರಿ ತಣ್ಣಗಾಗುತ್ತದೆ. ಬೆವರಿದ ಮೈಯಲ್ಲಿ ಹಾಗೆಯೇ ಇಳಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲಾಗುವುದಿಲ್ಲ. ನೆತ್ತಿಯಲ್ಲಿ ನಿಂತ ಕೂಡಲೇ, ಚಳಿಯಾಗುವ ಮುಂಚೆ, ಗಾಳಿ ತಡೆಯುವ ಜಾಕೆಟ್ ಮತ್ತು ಕೈಗವಸು ಹಾಕಿಕೊಳ್ಳಿ.

ಊರು ಸೇರಿದ ಮೇಲೆ ಸೈಕಲ್ಲಿಗೆ ಹತ್ತು ನಿಮಿಷ ಕೊಡಿ. ಬ್ರೇಕ್ ಪ್ಯಾಡಿನಲ್ಲಿ ಹುದುಗಿದ ಲೋಹದ ಚೂರುಗಳನ್ನು ಸೂಜಿಯಿಂದ ತೆಗೆಯಿರಿ, ಇಲ್ಲವಾದರೆ ಅವು ರಿಮ್ಮನ್ನು ಕೆರೆಯುತ್ತವೆ. ಟೈರಿನಲ್ಲಿ ಚುಚ್ಚಿಕೊಂಡ ಮುಳ್ಳು, ಗಾಜು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಚೈನು ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದ ಎಣ್ಣೆಯನ್ನು ಮತ್ತೆ ಒರೆಸಿ, ಏಕೆಂದರೆ ಧೂಳು ಹಿಡಿಯುವುದು ಆ ಎಣ್ಣೆಗೇ. ಕೊನೆಗೆ ಕ್ಯಾರಿಯರಿನ ಬೋಲ್ಟುಗಳು. ಹದಗೆಟ್ಟ ರಸ್ತೆಯ ಅದುರಿಗೆ ಮೊದಲು ಸಡಿಲವಾಗುವುದು ಅವೇ. ಒಂದು ಬಿದ್ದುಹೋದರೆ ಕ್ಯಾರಿಯರ್ ಓಲಾಡಿ ಮತ್ತೊಂದು ಬೋಲ್ಟು ಮುರಿಯುತ್ತದೆ, ಚೀಲ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅದೇ ಅಳತೆಯ ಎರಡು ಬೋಲ್ಟುಗಳನ್ನು ಫ್ರೇಮಿನ ಬಾಟಲ್ ಸ್ಟ್ಯಾಂಡಿನ ಬಳಿ ಟೇಪ್ ಸುತ್ತಿ ಅಂಟಿಸಿಟ್ಟುಕೊಳ್ಳಿ.