83ಕ್ಕಿಂತ 100 ವಾಸಿ

ಕೇಳುಗರಿಗೆ ನಮಸ್ಕಾರ.

ಇವತ್ತು ಬಸ್ಸಿನ ಸ್ಪೀಡ್ ಬಗ್ಗೆ ಮಾತಾಡೋಣ. ರಸ್ತೆಯಲ್ಲಿ ಓಡುವ ಬಸ್ಸಲ್ಲ, ಕಂಪ್ಯೂಟರಿನ ಒಳಗಿನ ಬಸ್. ಪ್ರೊಸೆಸರ್‌ನಿಂದ ಮೆಮೊರಿಗೂ ಉಳಿದ ಭಾಗಗಳಿಗೂ ಮಾಹಿತಿ ಓಡಾಡುವ ದಾರಿ ಅದು. ಈ ದಾರಿಗೆ ಒಂದು ತಾಳ ಉಂಟು. ಮದರ್‌ಬೋರ್ಡಿನ ಮೇಲಿರುವ ಪುಟ್ಟ ಚಿಪ್ ಒಂದು ಸೆಕೆಂಡಿಗೆ ಇಷ್ಟು ಕೋಟಿ ಸಲ ಅಂತ ತಾಳ ಹಾಕುತ್ತಲೇ ಇರುತ್ತದೆ. ಪ್ರೊಸೆಸರ್ ಅದರ ಹಲವು ಪಟ್ಟು ವೇಗದಲ್ಲಿ ಓಡುತ್ತದೆ. ಎಷ್ಟು ಪಟ್ಟು ಅನ್ನುವ ಅಂಕಿಗೆ ಮಲ್ಟಿಪ್ಲೈಯರ್ ಎಂದು ಹೆಸರು.

1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಬಸ್ 66 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ ನಾಲ್ಕೂವರೆ. ಒಂದು ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಹತ್ತು ಲಕ್ಷ ತಾಳ. ಗುಣಿಸಿದರೆ ಸುಮಾರು 300. ಮಲ್ಟಿಪ್ಲೈಯರನ್ನು ಮುಟ್ಟುವ ಹಾಗಿಲ್ಲ, ಅದಕ್ಕೆ ಬೀಗ. ಆದರೆ ಬಸ್ಸಿಗೆ ಬೀಗ ಇರಲಿಲ್ಲವಲ್ಲ! 66 ಇದ್ದದ್ದನ್ನು 100 ಮಾಡಿದರೆ ಪ್ರೊಸೆಸರ್ 450ರಲ್ಲಿ ಓಡುತ್ತಿತ್ತು. ಆಗಿನ ದುಬಾರಿ ಪೆಂಟಿಯಂ 2ರ ವೇಗವೂ ಅದೇ 450. ಸೆಲೆರಾನ್‌ನ ಕ್ಯಾಶ್, ಅಂದರೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟುಕುವಂತೆ ಇಡುವ ಮೆಮೊರಿ, ಚಿಕ್ಕದು, ಬರೀ 128 ಕಿಲೋಬೈಟ್. ಆದರೆ ಅದು ಪ್ರೊಸೆಸರ್ ಒಳಗೇ ಇದ್ದು ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಂ 2ರ 512 ಕಿಲೋಬೈಟ್ ಕ್ಯಾಶ್ ಹೊರಗಿತ್ತು, ಅರ್ಧ ವೇಗದಲ್ಲಿ ಓಡುತ್ತಿತ್ತು. ಹೀಗಾಗಿ ಅನೇಕ ಕೆಲಸಗಳಲ್ಲಿ ಅಗ್ಗದ್ದು ದುಬಾರಿಯದರ ಹೆಗಲಿಗೆ ಹೆಗಲು ಕೊಟ್ಟಿತು. ಬಸ್ ಬದಲಿಸುವ ಸೌಲಭ್ಯ ಇಲ್ಲದ ಬೋರ್ಡ್‌ಗಳೂ ಇದ್ದವು. ಆಗ ಜನ ಪ್ರೊಸೆಸರ್‌ನ ಬಿ21 ಎಂಬ ಒಂದೇ ಒಂದು ಪಿನ್ನಿಗೆ ಚೂರು ಟೇಪ್ ಅಂಟಿಸುತ್ತಿದ್ದರು. ಬೋರ್ಡ್ ಮೋಸ ಹೋಗಿ ತಾನೇ 100 ಕೊಡುತ್ತಿತ್ತು.

ಇನ್ನು ನನ್ನ ಕತೆ. ನಾನು ಸ್ವಲ್ಪ ಅಂಜುಬುರುಕ. 100 ಅಂದರೆ ಜಾಸ್ತಿಯಾಯಿತು ಅನ್ನಿಸಿತು. ಮಧ್ಯದಲ್ಲಿ 83 ಇತ್ತು. ಸುಮ್ನೆ ಅದನ್ನೇ ಇಟ್ಟೆ. ಪ್ರೊಸೆಸರ್ 375ರಲ್ಲಿ ಆರಾಮಾಗಿ ಓಡಿತು, ಬಿಸಿಯೂ ಆಗಲಿಲ್ಲ. ಎರಡು ದಿನ ಖುಷಿಯೋ ಖುಷಿ. ಮೂರನೇ ದಿನ ಫೈಲ್‌ಗಳು ತೆರೆಯಲಿಲ್ಲ. ಹಾರ್ಡ್ ಡಿಸ್ಕ್ ತುಂಬಾ ಕಸ. ವರ್ಷಗಟ್ಟಲೆ ಕೂಡಿಟ್ಟಿದ್ದ ಬರಹವೆಲ್ಲ ಹೋಯಿತು.

ತಪ್ಪು ಪ್ರೊಸೆಸರ್‌ದಲ್ಲ. ಆ ತಾಳವನ್ನು ಪ್ರೊಸೆಸರ್ ಒಂದೇ ಕೇಳುವುದಿಲ್ಲ, ಅಲ್ವಾ? ಕಾರ್ಡ್‌ಗಳು, ಡಿಸ್ಕ್ ಎಲ್ಲ ನಿಂತಿರುವುದು ಪಿಸಿಐ ಎಂಬ ಇನ್ನೊಂದು ಬಸ್ಸಿನ ಮೇಲೆ. ಅದಕ್ಕೆ ಬೇಕಾದದ್ದು 33 ಮೆಗಾಹರ್ಟ್ಸ್. ಆಗಿನ ಬೋರ್ಡ್‌ಗಳು ಮುಖ್ಯ ಬಸ್ಸಿನ ವೇಗವನ್ನೇ ಭಾಗಿಸಿ ಅದನ್ನು ಕೊಡುತ್ತಿದ್ದವು. 66 ಇದ್ದಾಗ ಎರಡರಿಂದ ಭಾಗಿಸಿದರೆ 33. 100 ಇಟ್ಟರೆ ಬೋರ್ಡ್ ಮೂರರಿಂದ ಭಾಗಿಸುತ್ತದೆ, ಮತ್ತೆ 33. ನನ್ನ 83ಕ್ಕೆ ಭಾಗಿಸಿದ್ದು ಎರಡರಿಂದಲೇ. ಪಿಸಿಐ 41 ದಾಟಿತ್ತು! ಪಾಪ, ಡಿಸ್ಕಿನ ಕಂಟ್ರೋಲರ್ ಏದುಸಿರು ಬಿಡುತ್ತಾ ತಪ್ಪುತಪ್ಪಾಗಿ ಬರೆಯುತ್ತಿತ್ತು. ಧೈರ್ಯ ಮಾಡಿ 100 ಇಟ್ಟಿದ್ದರೆ ಡಿಸ್ಕ್ ಉಳಿಯುತ್ತಿತ್ತು. ಹೆದರಿ ನಡುದಾರಿ ಹಿಡಿದದ್ದಕ್ಕೇ ಕೆಟ್ಟೆ.

ಬಿಸಿಯ ಲೆಕ್ಕವೂ ಇದೆ. ವೇಗ ಒಂದೂವರೆ ಪಟ್ಟಾದರೆ ಶಾಖವೂ ಸುಮಾರು ಅಷ್ಟೇ ಏರುತ್ತದೆ. ಅಲುಗಾಡುವ ಪ್ರೊಸೆಸರನ್ನು ನಿಲ್ಲಿಸಲು ವೋಲ್ಟೇಜ್ ಏರಿಸುತ್ತಾರೆ ನೋಡಿ, ಅದು ಹೊರೆ. ವೋಲ್ಟೇಜಿನ ವರ್ಗದಷ್ಟು ಶಾಖ ಏರುತ್ತದೆ. 2 ವೋಲ್ಟನ್ನು 2.2 ಮಾಡಿ, 300ನ್ನು 450 ಮಾಡಿದರೆ ಶಾಖ ಹೆಚ್ಚೂಕಡಿಮೆ 1.8 ಪಟ್ಟು. ಹಳೆಯ ಫ್ಯಾನಿಗೆ ಅದು ತಡೆಯುವ ಭಾರವಲ್ಲ. ಇದು ಎಲ್ಲ ಪ್ರೊಸೆಸರಿಗೂ ಸೇರಿದ ಮಾತು.

ಕಂಪ್ಯೂಟರ್ ಆನ್ ಆಯಿತು ಅಂದರೆ ಗೆದ್ದೆ ಅಂತ ಅಲ್ಲ. ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಹಾಕಿ ಮೆಮೊರಿ ನೋಡಬೇಕು. ಲೆಕ್ಕ ಮಾಡಿಸುವ ಪ್ರೈಮ್95 ಎಂಬ ಪ್ರೋಗ್ರಾಂ ಹಾಕಿ ಪ್ರೊಸೆಸರನ್ನು ಗಂಟೆಗಟ್ಟಲೆ ದುಡಿಸಬೇಕು. ಅದು ಲೆಕ್ಕ ತಪ್ಪಿದರೆ ಬಸ್ಸನ್ನು ನಾಲ್ಕೈದು ಮೆಗಾಹರ್ಟ್ಸ್ ಇಳಿಸುವುದೇ ಸರಿ. ಪರದೆ ಕಪ್ಪಾಗಿಯೇ ನಿಂತರೆ ಗಾಬರಿ ಬೇಡ. ಪ್ಲಗ್ ತೆಗೆದು, ಬೋರ್ಡಿನಲ್ಲಿ ಸೀಮಾಸ್ (ಸೆಟ್ಟಿಂಗ್ ನೆನಪಿಡುವ ಪುಟ್ಟ ಮೆಮೊರಿ) ಅಳಿಸುವ ಜಂಪರ್ ಎಂಬ ಪುಟ್ಟ ಕೊಂಡಿ ಹುಡುಕಿ. ಕಂಪ್ಯೂಟರನ್ನು ಎಬ್ಬಿಸುವ ಬಯೋಸ್ ಎಂಬ ಪ್ರೋಗ್ರಾಮಿನ ಸೆಟ್ಟಿಂಗ್ ಮತ್ತೆ ಮೊದಲಿನಂತಾಗುತ್ತದೆ.

ಆಮೇಲೆ ಬಂದ ಬೋರ್ಡ್‌ಗಳು ಪಿಸಿಐ ವೇಗವನ್ನು 33ಕ್ಕೇ ಕಟ್ಟಿಹಾಕಿದವು. ಆಗ ಈ ಆಟ ಸಲೀಸಾಯಿತು. ಕೋರ್ 2 ಡ್ಯುಯೊ ಇ6300ರಲ್ಲಿ ಬಸ್ 266, ಮಲ್ಟಿಪ್ಲೈಯರ್ 7. ಬಸ್ಸನ್ನು 400ಕ್ಕೆ ಏರಿಸಿ 2.8 ಗಿಗಾಹರ್ಟ್ಸ್, ಅಂದರೆ 2800 ಮೆಗಾಹರ್ಟ್ಸ್, ಪಡೆದವರು ಬಹಳ ಜನ. 2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಪ್ರೊಸೆಸರ್‌ಗಳು ಬಂದಾಗ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಅದರಲ್ಲಿ 100 ಮೆಗಾಹರ್ಟ್ಸ್‌ನ ಒಂದೇ ಬೇಸ್ ಕ್ಲಾಕ್, ಅಂದರೆ ಎಲ್ಲಕ್ಕೂ ಒಂದೇ ತಾಳ. ಡಿಸ್ಕು, ಯುಎಸ್‌ಬಿ, ಪಿಸಿಐ ಎಕ್ಸ್‌ಪ್ರೆಸ್ ಎಲ್ಲವೂ ಅದಕ್ಕೇ ಗಂಟು. ನಾಲ್ಕೈದು ಮೆಗಾಹರ್ಟ್ಸ್ ಏರಿಸುವಷ್ಟರಲ್ಲಿ ಏನಾದರೊಂದು ಮುನಿಸಿಕೊಳ್ಳುತ್ತದೆ. ವೇಗ ಬೇಕಾದವರು ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಕೊಳ್ಳುತ್ತಾರೆ. ಅದರಲ್ಲಿ ಮಲ್ಟಿಪ್ಲೈಯರಿಗೆ ಬೀಗ ಇಲ್ಲ. ಅಂಕಿ ಬದಲಿಸಿದರಾಯಿತು. ನನಗೇನೋ ಅದು ಸಪ್ಪೆ ಅನ್ನಿಸುತ್ತದೆ.

ಹಾಗೊಂದು ವೇಳೆ ಹಳೆಯ ಸೆಲೆರಾನ್ ನಿಮ್ಮ ಕೈಗೆ ಸಿಕ್ಕರೆ ಆಡಿ ನೋಡಿ. ಮೊದಲು ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಡಿ. 83 ಮಾತ್ರ ಬೇಡ. ನಮಸ್ಕಾರ.