ಉಯಿಲು: ಸಾಕ್ಷಿ ಯಾರಾಗಬೇಕು, ಎಕ್ಸಿಕ್ಯೂಟರ್ ಯಾರಾಗಬೇಕು?

ಉಯಿಲು ಎಂದ ಕೂಡಲೇ ಬರುವ ಮೊದಲ ಪ್ರಶ್ನೆ, 'ಎಷ್ಟು ರೂಪಾಯಿಯ ಛಾಪಾ ಕಾಗದ ತರಬೇಕು?' ಛಾಪಾ ಕಾಗದವೇ ಬೇಡ, ಬಿಳಿ ಹಾಳೆ ಸಾಕು. ನೋಂದಣಿಯೂ ಕಡ್ಡಾಯವಲ್ಲ. ಭಾಷೆ ಮಾತ್ರ ಬರೆಸುವವರಿಗೆ ಅರ್ಥವಾಗುವಂಥದ್ದಿರಲಿ. ಇಂಗ್ಲಿಷ್ ಬಾರದ ಅಜ್ಜಿಯ ಉಯಿಲು ಇಂಗ್ಲಿಷಿನಲ್ಲಿದ್ದರೆ ಎದುರು ವಕೀಲರಿಗೆ ಅರ್ಧ ಕೆಲಸ ಮುಗಿದಂತೆ.

ಕಡ್ಡಾಯವಾದದ್ದು ಸಹಿಯ ಕ್ರಮ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನ ಪ್ರಕಾರ, ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಕನಿಷ್ಠ ಇಬ್ಬರು ಸಾಕ್ಷಿಗಳು ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಎಂದು ನೀವು ಅವರಿಗೆ ಹೇಳಿರಬೇಕು. ಆಮೇಲೆ ಅವರೂ ನಿಮ್ಮೆದುರೇ ಸಹಿ ಹಾಕಬೇಕು. ಇಬ್ಬರೂ ಒಟ್ಟಿಗೇ ಇರಬೇಕೆಂದಿಲ್ಲ, ಇದ್ದರೆ ಕ್ಷೇಮ. (ಮುಸ್ಲಿಮರಿಗೆ ಈ ಕಲಂ ಅನ್ವಯಿಸದು. ಅವರು ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲು ವಾರಸುದಾರರ ಒಪ್ಪಿಗೆ ಬೇಕು.)

ಕೆಡುವುದು ಇಲ್ಲೇ. ಅಪ್ಪ ಸಹಿ ಹಾಕಿದ ಹಾಳೆಯನ್ನು ಮಗ ಸ್ಕೂಟರಿನಲ್ಲಿ ಒಯ್ದು, ಸಾಕ್ಷಿಗಳ ಮನೆಬಾಗಿಲಲ್ಲಿ ಸಹಿ ಮಾಡಿಸಿಕೊಂಡು ಬರುತ್ತಾನೆ. ಹತ್ತು ವರ್ಷದ ಮೇಲೆ ಕೋರ್ಟಿನಲ್ಲಿ 'ನೀವು ಸಹಿ ಹಾಕುವಾಗ ಅವರು ಎಲ್ಲಿದ್ದರು?' ಎಂದು ಕೇಳಿದರೆ ಸಾಕ್ಷಿ ನಿಜವನ್ನೇ ಹೇಳುತ್ತಾರೆ, ಉಯಿಲು ಬಿದ್ದುಹೋಗುತ್ತದೆ. ನೋಂದಣಿಯಾಗಿದ್ದರೂ ಅಷ್ಟೆ: ಸಾಕ್ಷಿ ಬದುಕಿದ್ದು ಬರುವ ಸ್ಥಿತಿಯಲ್ಲಿದ್ದರೆ ಒಬ್ಬರಾದರೂ ಬಂದು ನುಡಿಯಬೇಕು. ಆದ್ದರಿಂದ ನಿಮಗೆ ಎಪ್ಪತ್ತಾಗಿದ್ದರೆ ಎಂಬತ್ತರ ಗೆಳೆಯರನ್ನು ಕರೆಯಬೇಡಿ, ನಲವತ್ತರ ಆಸುಪಾಸಿನವರನ್ನು ಕರೆಯಿರಿ. ಬಿಕ್ಕಲಂದಾರರ (ಪತ್ರ ಬರೆದುಕೊಟ್ಟವರ) ಸಹಿಯನ್ನೂ ಸಾಕ್ಷಿಯ ಲೆಕ್ಕಕ್ಕೆ ಹಿಡಿಯಬೇಡಿ.

ಮೈಸೂರಿನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ್ದು ಇಂದಿಗೂ ದಾರಿದೀಪ: ಉಯಿಲಿನಿಂದ ಲಾಭ ಪಡೆಯುವವರೇ ಅದರ ತಯಾರಿಯಲ್ಲಿ ಮುಂದೆ ನಿಂತಿದ್ದರೆ ಅದು ಅನುಮಾನದ ಸಂಗತಿ, ಆ ಅನುಮಾನ ಕಳೆಯುವ ಹೊಣೆ ಉಯಿಲನ್ನು ಮಂಡಿಸುವವರದು. ಹೆಚ್ಚು ಪಾಲು ಸಿಗುವ ಮಗನೇ ವಕೀಲರನ್ನು ಕರೆತಂದು, ಸಾಕ್ಷಿಗಳನ್ನೂ ಕೂರಿಸುವುದು ಬೇಡ. ಒಬ್ಬ ಮಗಳಿಗೆ ಏನೂ ಬರೆಯದಿದ್ದರೆ ಕಾರಣವನ್ನು ಒಂದೆರಡು ಸಾಲಿನಲ್ಲಿ ಬರೆಯಿರಿ. ಮೌನವೂ ಅನುಮಾನಕ್ಕೆ ದಾರಿ.

ಆಸ್ತಿಯ ವಿವರಕ್ಕೆ 'ಊರಿನ ಜಮೀನು' ಎಂದರೆ ಸಾಲದು. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ ಪಹಣಿಯಲ್ಲಿದ್ದಂತೆಯೇ ಇರಲಿ, ನಾಲ್ಕೂ ದಿಕ್ಕಿನ ಚಕ್ಕುಬಂದಿಯೂ ಇರಲಿ. ಸ್ವಯಾರ್ಜಿತವನ್ನು ಪೂರ್ತಿ ಬರೆಯಬಹುದು, ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ. ಕೊನೆಗೆ 'ಇಲ್ಲಿ ಹೇಳದೆ ಉಳಿದ ಎಲ್ಲ ಆಸ್ತಿ ಇಂಥವರಿಗೆ' ಎಂಬ ಸಾಲು ಮರೆಯಬೇಡಿ. ಪೆನ್ನಿನಲ್ಲಿ ತಿದ್ದಿದ ಜಾಗಕ್ಕೆ ನಿಮ್ಮ ಮತ್ತು ಸಾಕ್ಷಿಗಳ ಸಹಿ ಇಲ್ಲದಿದ್ದರೆ ಆ ತಿದ್ದುಪಡಿ ನಿಲ್ಲದು. ನಾಮಿನಿ ಇದ್ದಾರಲ್ಲ ಎಂದು ಸುಮ್ಮನಿರಬೇಡಿ: ಷೇರುಗಳ ನಾಮಿನಿ ಮಾಲೀಕರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನು ಎಕ್ಸಿಕ್ಯೂಟರ್, ಅಂದರೆ ನಿಮ್ಮ ನಂತರ ಉಯಿಲನ್ನು ಜಾರಿಗೆ ತರುವವರು. ಹೆಸರಿಸದಿದ್ದರೂ ಉಯಿಲು ಕೆಡುವುದಿಲ್ಲ, ಆದರೆ ಕೆಲಸ ಯಾರ ತಲೆಗೂ ಬೀಳದೆ ನಿಂತುಬಿಡುತ್ತದೆ. ಗೌರವಕ್ಕೆಂದು ಹಿರಿಯ ಭಾವನವರ ಹೆಸರು ಬರೆಯುವುದು ನಮ್ಮಲ್ಲಿ ಮಾಮೂಲು. ಇದು ಗೌರವದ ಹುದ್ದೆಯಲ್ಲ, ಓಡಾಟದ ಕೆಲಸ. ಮರಣ ಪ್ರಮಾಣಪತ್ರ ತೆಗೆಸಬೇಕು, ಬ್ಯಾಂಕಿಗೆ ಅಲೆಯಬೇಕು, ಆಸ್ತಿ-ಸಾಲಗಳ ಪಟ್ಟಿ ಮಾಡಬೇಕು. ಅಂತ್ಯಕ್ರಿಯೆಯ ಖರ್ಚು ಮೊದಲು, ಸಾಲ ತೀರಿಸುವುದು ಆಮೇಲೆ, ಹಂಚಿಕೆ ಕೊನೆಗೆ. ಮೊದಲೇ ಹಂಚಿಬಿಟ್ಟರೆ, ಸಾಲ ಕೊಟ್ಟವರು ಬಂದಾಗ ಎಕ್ಸಿಕ್ಯೂಟರ್ ತಮ್ಮ ಕೈಯಿಂದ ಕಟ್ಟುವ ಪ್ರಸಂಗ ಬರಬಹುದು. ಅದಕ್ಕೇ ಕಾನೂನು ಸಾವಿನ ದಿನದಿಂದ ಒಂದು ವರ್ಷದವರೆಗೆ ಹಂಚಿಕೆಗೆ ಒತ್ತಾಯಿಸುವುದಿಲ್ಲ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ಸಾಚಾ ಎಂದು ಕೋರ್ಟ್ ಕೊಡುವ ದೃಢೀಕರಣ) ಕಡ್ಡಾಯವಲ್ಲ. ಪಡೆದರೆ ಆರು ತಿಂಗಳಲ್ಲಿ ಆಸ್ತಿಪಟ್ಟಿ, ವರ್ಷದೊಳಗೆ ಲೆಕ್ಕವನ್ನು ಕೋರ್ಟಿಗೆ ಒಪ್ಪಿಸಬೇಕು.

ನಿಮಗಿಂತ ಚಿಕ್ಕವರು, ಹತ್ತಿರದಲ್ಲಿರುವವರು, ಲೆಕ್ಕ ಬರೆದಿಡುವ ಅಭ್ಯಾಸ ಇರುವವರು ಇದಕ್ಕೆ ತಕ್ಕವರು. ಪಾಲು ಪಡೆಯುವ ಮಕ್ಕಳೂ ಆಗಬಹುದು, ಆದರೆ ಅಣ್ಣತಮ್ಮಂದಿರು ಈಗಲೇ ಮಾತು ಬಿಟ್ಟಿದ್ದರೆ ಹೊರಗಿನವರೇ ಮೇಲು. ಕೇಳದೆ ಹೆಸರು ಬರೆದರೆ ಅವರು ಒಲ್ಲೆ ಎನ್ನಬಹುದು, ಬದಲಿ ಹೆಸರೊಂದು ಇರಲಿ. ಮೂಲಪ್ರತಿ ಎಲ್ಲಿದೆಯೆಂದು ಅವರಿಗೆ ತಿಳಿಸಿ. ಮೂಲಪ್ರತಿಯನ್ನು ಬ್ಯಾಂಕ್ ಲಾಕರಿನಲ್ಲಿ ಇಡಲೇಬೇಡಿ. ನಾಮಿನಿ ಇಲ್ಲದ ಲಾಕರ್ ತೆಗೆಯಲು ಉಯಿಲು ಕೇಳಬಹುದು, ಉಯಿಲು ಲಾಕರಿನೊಳಗಿರುತ್ತದೆ. ಜಿಲ್ಲಾ ನೋಂದಣಾಧಿಕಾರಿಗಳ ಬಳಿ ಮೊಹರು ಮಾಡಿದ ಲಕೋಟೆಯಲ್ಲಿ ಠೇವಣಿ ಇಡಬಹುದು. ನಿಮ್ಮ ನಂತರ ಅರ್ಜಿ ಕೊಟ್ಟರೆ ಅವರು ಅದನ್ನು ಅರ್ಜಿದಾರರ ಎದುರೇ ತೆರೆಯುತ್ತಾರೆ.